ದೂರದರ್ಶಕದ ದರ್ಪಣಪೀಠ

ಈ ನಾಡಿನ ರೈತನಿಗೆ ಆಕಾಶವು ಅಪರಿಚಿತವಾದುದಲ್ಲ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ನಕ್ಷತ್ರಗಳ ಹೆಸರಿನಿಂದಲೇ ಮಳೆಗಳನ್ನು ಎಣಿಸಿ, ಅದಕ್ಕೆ ತಕ್ಕಂತೆ ಕೂರಿಗೆ ಹೂಡುವುದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಎರೆಹೊಲಗಳಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಆದರೆ ಹೆಸರು ಬಲ್ಲ ನಕ್ಷತ್ರವನ್ನು ಹತ್ತಿರದಿಂದ ಕಂಡವರು ವಿರಳ. ಶನಿಯ ಬಳೆ, ಗುರುವಿನ ಉಪಗ್ರಹಗಳು, ಮೃಗಶಿರದ ಪಕ್ಕದಲ್ಲಿ ಮಸುಕಾಗಿ ತೋರುವ ಮಹಾವ್ಯಾಧನ ನೀಹಾರಿಕೆ ಇವೆಲ್ಲ ಪಠ್ಯಪುಸ್ತಕದ ಚಿತ್ರಗಳಾಗಿಯೇ ಉಳಿದುಬಿಡುತ್ತವೆ. ಹಳ್ಳಿಯ ಶಾಲೆಯೊಂದು ಅವುಗಳನ್ನು ಮಕ್ಕಳ ಕಣ್ಣಿಗೆ ತಂದುಕೊಡಬೇಕಾದರೆ ಎರಡು ಮಾರ್ಗಗಳಿವೆ: ದುಬಾರಿ ಬೆಲೆ ತೆತ್ತು ದೊಡ್ಡ ದೂರದರ್ಶಕವನ್ನು ಕೊಳ್ಳುವುದು, ಇಲ್ಲವೆ ದರ್ಪಣವೊಂದನ್ನು ಸಂಪಾದಿಸಿ ಉಳಿದುದನ್ನೆಲ್ಲ ಊರಿನ ಬಡಿಗ, ಕಂಬಾರರ ಕೈಯಿಂದ ಮಾಡಿಸಿಕೊಳ್ಳುವುದು.

ಎರಡನೆಯ ಮಾರ್ಗವನ್ನು ಹಿಡಿದವರು ಜಗತ್ತಿನ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರಲ್ಲಿ ಅನೇಕರು ದರ್ಪಣದ ಗಾತ್ರ ಮತ್ತು ಹೊಳಪಿನ ಬಗೆಗೆ ವಹಿಸಿದಷ್ಟು ಎಚ್ಚರವನ್ನು ಆ ದರ್ಪಣವನ್ನು ಕೂಡ್ರಿಸುವ ಪೀಠದ ಬಗೆಗೆ ವಹಿಸುವುದಿಲ್ಲ. ದಾನಿಗಳ ಹಣದಿಂದ ಬಂದ ಉತ್ತಮ ದರ್ಪಣವು ಕೆಟ್ಟ ಪೀಠದ ಮೇಲೆ ಕುಳಿತರೆ ನಕ್ಷತ್ರವು ಚುಕ್ಕೆಯಾಗಿ ಕಾಣದೆ ಗೀರಾಗಿ ಕಾಣುತ್ತದೆ. ನಾಲ್ಕು ರಾತ್ರಿ ನೋಡಿ ಬೇಸತ್ತವರು ಯಂತ್ರವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಆ ದೋಷವು ಗಾಜಿನದಲ್ಲ, ಪೀಠದ್ದು ಎಂಬುದು ಬಹಳ ಮಂದಿಗೆ ಹೊಳೆಯುವುದೇ ಇಲ್ಲ. ಆದ್ದರಿಂದ ಈ ಪೀಠದ ತತ್ತ್ವವನ್ನೂ ರಚನೆಯನ್ನೂ ತುಸು ವಿವರವಾಗಿ ಅರಿಯುವುದು ಅವಶ್ಯ.

ದರ್ಪಣದ ಕೆಲಸ

ಪ್ರತಿಫಲನ ದೂರದರ್ಶಕದಲ್ಲಿ ಕೊಳವೆಯ ತಳದಲ್ಲಿರುವ ನಿಮ್ನ ದರ್ಪಣವೇ ಮುಖ್ಯವಾದ ಅಂಗ. ಪರವಲಯದ ಆಕಾರದಲ್ಲಿ ತಗ್ಗು ಮಾಡಿದ ಅದರ ಎದುರುಮುಖವು ದೂರದ ನಕ್ಷತ್ರದಿಂದ ಬರುವ ಸಮಾನಾಂತರ ಕಿರಣಗಳನ್ನೆಲ್ಲ ಒಂದೇ ನಾಭಿಯಲ್ಲಿ ಕೂಡಿಸುತ್ತದೆ. ಕೊಳವೆಯ ಬಾಯಿಯ ಹತ್ತಿರ ಓರೆಯಾಗಿ ನಿಲ್ಲಿಸಿದ ಚಿಕ್ಕ ಸಮತಲ ಕನ್ನಡಿಯು ಆ ಬೆಳಕನ್ನು ಪಕ್ಕಕ್ಕೆ ತಿರುಗಿಸಿ ನೇತ್ರಮಸೂರಕ್ಕೆ ಒಪ್ಪಿಸುತ್ತದೆ. ದೊಡ್ಡ ದರ್ಪಣವು ಹೆಚ್ಚು ಬೆಳಕನ್ನು ಸಂಗ್ರಹಿಸುತ್ತದೆ. ವ್ಯಾಸವು ಇಮ್ಮಡಿಯಾದರೆ ಬೆಳಕು ನಾಲ್ಮಡಿಯಾಗುತ್ತದೆ.

ಆದರೆ ಈ ಕೂಟವು ಸರಿಯಾಗಿ ನಡೆಯಬೇಕಾದರೆ ದರ್ಪಣದ ಮೈ ಎಷ್ಟು ನಿಖರವಾಗಿರಬೇಕು? ಪ್ರತಿಫಲಿಸಿದ ಬೆಳಕಿನ ಅಲೆಯು ತನ್ನ ಅಲೆಯುದ್ದದ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಏರುಪೇರಾಗಬಾರದೆಂಬುದು ಲಾರ್ಡ್ ರೇಲಿಯವರ ಕಾಲದಿಂದ ಬಂದ ಅಳತೆ. ಪ್ರತಿಫಲನದಲ್ಲಿ ಬೆಳಕು ಹೋಗಿ ಬರುವುದರಿಂದ ಗಾಜಿನ ಮೈಯ ತಪ್ಪು ಎರಡರಷ್ಟಾಗುತ್ತದೆ. ಹಾಗಾಗಿ ಮೈಯ ಮೇಲೆ ಅಲೆಯುದ್ದದ ಎಂಟನೆಯ ಒಂದು ಭಾಗದಷ್ಟು ಮಾತ್ರ ತಪ್ಪಿಗೆ ಅವಕಾಶವಿದೆ. ಹಸಿರು ಬೆಳಕಿನ ಅಲೆಯುದ್ದವು 550 ನ್ಯಾನೋಮೀಟರ್ ಎಂದಿಟ್ಟುಕೊಂಡರೆ ಈ ಮಿತಿಯು ಸುಮಾರು 70 ನ್ಯಾನೋಮೀಟರ್. ತಲೆಗೂದಲೊಂದರ ದಪ್ಪವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಗಾಜು ಉಜ್ಜುವವನು ತಿಂಗಳುಗಟ್ಟಲೆ ದುಡಿದು ಈ ನಿಖರತೆಯನ್ನು ಸಾಧಿಸಿರುತ್ತಾನೆ. ಪೀಠವು ಅದನ್ನು ಕೆಡಿಸದೆ ಕಾಪಾಡಬೇಕು.

ಗಾಜೂ ಬಾಗುತ್ತದೆ

ಕೈಯಲ್ಲಿ ಹಿಡಿದರೆ ಕಲ್ಲಿನಂತೆ ಗಟ್ಟಿಯಾಗಿ ತೋರುವ ಗಾಜಿನ ಬಿಲ್ಲೆಯೂ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಈ ಬಾಗು ಕಣ್ಣಿಗೆ ಕಾಣದು, ಬೆಳಕಿಗೆ ಕಾಣುತ್ತದೆ. ಒಂದೇ ಬಗೆಯ ಆಧಾರದ ಮೇಲಿಟ್ಟಾಗ ಬಾಗಿನ ಪ್ರಮಾಣವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ದಪ್ಪದ ವರ್ಗಕ್ಕೆ ವಿಲೋಮವಾಗಿ ಕಡಿಮೆಯಾಗುತ್ತದೆ. ದಪ್ಪವನ್ನು ಬದಲಿಸದೆ ವ್ಯಾಸವನ್ನು ಇಮ್ಮಡಿ ಮಾಡಿದರೆ ಬಾಗು ಹದಿನಾರು ಪಟ್ಟಾಗುತ್ತದೆ. ವ್ಯಾಸವನ್ನು ಬದಲಿಸದೆ ದಪ್ಪವನ್ನು ಅರ್ಧಕ್ಕಿಳಿಸಿದರೆ ಅದು ನಾಲ್ಕು ಪಟ್ಟಾಗುತ್ತದೆ.

ಉದಾಹರಣೆಗೆ 20 ಸೆಂ.ಮೀ. ವ್ಯಾಸದ, 2.5 ಸೆಂ.ಮೀ. ದಪ್ಪದ ದರ್ಪಣದ ತೂಕ ಸುಮಾರು 2 ಕಿಲೋಗ್ರಾಂ. ಅದು ಮೂರು ಬಿಂದುಗಳ ಮೇಲೆ ನೆಮ್ಮದಿಯಿಂದ ಕುಳಿತುಕೊಳ್ಳುತ್ತದೆ. 40 ಸೆಂ.ಮೀ. ದರ್ಪಣವೂ ಅದೇ ಮೂರು ಬಿಂದುಗಳ ಮೇಲೆ ಅಷ್ಟೇ ಕಡಿಮೆ ಬಾಗಬೇಕಾದರೆ ಅದರ ದಪ್ಪವು ನಾಲ್ಕು ಪಟ್ಟು, ಎಂದರೆ 10 ಸೆಂ.ಮೀ. ಇರಬೇಕಾಗುತ್ತದೆ. ಆಗ ತೂಕವು 31 ಕಿಲೋಗ್ರಾಂ ಮೀರುತ್ತದೆ. ಅಂಥ ಗಾಜಿಗೆ ಬೆಲೆಯೂ ಹೆಚ್ಚು. ಸಂಜೆಯ ಬಿಸಿಯಿಂದ ರಾತ್ರಿಯ ತಂಪಿಗೆ ಇಳಿಯಲು ಅದು ತೆಗೆದುಕೊಳ್ಳುವ ವೇಳೆಯೂ ಹೆಚ್ಚು.

ಗಾಜಿನ ದರ್ಪಣಗಳು ಬರುವ ಮುಂಚೆಯೇ, ಲೋಹದ ದರ್ಪಣಗಳ ಕಾಲದಲ್ಲಿ, ಈ ಸಂಗತಿ ಅನುಭವಕ್ಕೆ ಬಂದಿತ್ತು. ವಿಲಿಯಂ ಹರ್ಷೆಲ್‌ರು 1789ರಲ್ಲಿ ಪೂರ್ಣಗೊಳಿಸಿದ 40 ಅಡಿ ಉದ್ದದ ದೂರದರ್ಶಕಕ್ಕಾಗಿ ಎರಕ ಹೊಯ್ಯಿಸಿದ 48 ಅಂಗುಲದ ಮೊದಲ ದರ್ಪಣವು ಉದ್ದೇಶಿಸಿದುದಕ್ಕಿಂತ ತೆಳುವಾಗಿ ಬಂದು, ತನ್ನ ಆಕಾರವನ್ನು ಉಳಿಸಿಕೊಳ್ಳಲಾರದಾಯಿತು. ಅವರು ಇನ್ನೊಂದು ದಪ್ಪನೆಯ ದರ್ಪಣವನ್ನು ಹೊಯ್ಯಿಸಬೇಕಾಯಿತು. ದಪ್ಪವನ್ನು ಹೆಚ್ಚಿಸುತ್ತಲೇ ಹೋಗುವುದು ಸಾಧ್ಯವಿಲ್ಲವೆಂದಾಗ ಉಳಿದ ಉಪಾಯವೆಂದರೆ ಆಧಾರವನ್ನು ಹಂಚುವುದು.

ಒಲೆಯ ಮೂರು ಗುಂಡು

ಹೊಲದಲ್ಲಿ ಅಡಿಗೆ ಮಾಡುವವರು ಒಲೆಗೆ ಮೂರೇ ಗುಂಡುಗಳನ್ನು ಹೂಡುತ್ತಾರೆ. ನೆಲ ಎಷ್ಟೇ ಏರುತಗ್ಗಾಗಿದ್ದರೂ ಮೂರು ಗುಂಡುಗಳ ಮೇಲೆ ಗಡಿಗೆ ಅಲುಗದೆ ನಿಲ್ಲುತ್ತದೆ. ನಾಲ್ಕನೆಯ ಗುಂಡನ್ನು ಸೇರಿಸಿದರೆ ಅದು ಒಂದೋ ಗಡಿಗೆಯನ್ನು ಮುಟ್ಟುವುದಿಲ್ಲ, ಇಲ್ಲವೆ ಉಳಿದ ಮೂರರಲ್ಲಿ ಒಂದರ ಕೆಲಸವನ್ನು ಕಸಿದುಕೊಳ್ಳುತ್ತದೆ. ಮೂರು ಬಿಂದುಗಳ ಮೂಲಕ ಒಂದು ಸಮತಲವು ಯಾವಾಗಲೂ ಹಾಯ್ದುಹೋಗುತ್ತದೆ. ನಾಲ್ಕನೆಯ ಬಿಂದು ಅದೇ ಸಮತಲದಲ್ಲಿ ಬೀಳುವುದು ಅಪರೂಪ ಎಂಬ ರೇಖಾಗಣಿತದ ಸತ್ಯವೇ ಇದಕ್ಕೆ ಕಾರಣ.

ಚಿಕ್ಕ ದರ್ಪಣಕ್ಕೆ ಮೂರು ಬಿಂದು ಸಾಕು. ದೊಡ್ಡ ಮತ್ತು ತೆಳು ದರ್ಪಣಕ್ಕೆ ಒಂಬತ್ತೋ ಹದಿನೆಂಟೋ ಬೇಕು. ಆದರೆ ಗಟ್ಟಿಯಾದ ಹಲಗೆಯೊಂದರ ಮೇಲೆ ಹದಿನೆಂಟು ಗುಬ್ಬಿಗಳನ್ನು ಬಡಿದು ಅವುಗಳ ಮೇಲೆ ದರ್ಪಣವನ್ನಿಟ್ಟರೆ ಪ್ರಯೋಜನವಾಗದು. ಬಡಿಗನು ಎಷ್ಟೇ ಕುಶಲನಾಗಿದ್ದರೂ ಹದಿನೆಂಟು ಗುಬ್ಬಿಗಳನ್ನು ಕೂದಲೆಳೆಯ ಸಾವಿರದೊಂದು ಪಾಲಿನ ಮಟ್ಟಕ್ಕೆ ಸಮಗೊಳಿಸಲಾರನು. ಎತ್ತರವಾದ ಮೂರರ ಮೇಲೆಯೇ ಬಹುಪಾಲು ಭಾರ ಬೀಳುತ್ತದೆ. ಪಲ್ಲಕ್ಕಿ ಹೊರುವವರಲ್ಲಿ ಎತ್ತರದವನ ಹೆಗಲೇ ನೋಯುವಂತೆ ಇದು. ಹಾಗಾದರೆ ಬಿಂದುಗಳು ಹಲವಾಗಬೇಕು, ಪ್ರತಿಯೊಂದೂ ತನ್ನ ಪಾಲಿನ ಭಾರವನ್ನಷ್ಟೇ ಹೊರಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವ ಯುಕ್ತಿ ಯಾವುದು?

ನೊಗದ ನ್ಯಾಯ

ಆ ಯುಕ್ತಿಯು ಎತ್ತಿನ ನೊಗದಲ್ಲಿದೆ. ನೊಗದ ನಡುವೆ ಕಟ್ಟಿದ ಬಿಂದುವಿನಿಂದ ಎರಡೂ ತೋಳುಗಳು ಸಮನಾಗಿದ್ದರೆ ಎರಡೂ ಎತ್ತುಗಳು ಸಮನಾಗಿ ಎಳೆಯಬೇಕಾಗುತ್ತದೆ. ಒಂದು ಮುಂದೆ ಹೋದರೆ ನೊಗವು ಓರೆಯಾಗುತ್ತದೆಯೇ ಹೊರತು ಭಾರವು ಒಂದರ ಮೇಲೆಯೇ ಬೀಳುವುದಿಲ್ಲ. ಬಡಕಲು ಎತ್ತಿನ ಕಡೆಗೆ ತೋಳನ್ನು ಉದ್ದ ಬಿಟ್ಟು ಕಟ್ಟಿದರೆ ಅದರ ಪಾಲು ಹಗುರಾಗುತ್ತದೆ. ಪಶ್ಚಿಮ ದೇಶಗಳ ರೈತರು ಕುದುರೆಗಳ ಹಿಂದೆ ಕಟ್ಟುತ್ತಿದ್ದ ತೂಗುಮರಗಳ ಸಾಲಿಗೂ ಇದೇ ನ್ಯಾಯ. ಇಂಗ್ಲಿಷಿನಲ್ಲಿ ದರ್ಪಣಪೀಠದ ಈ ರಚನೆಗೆ ಇಂದಿಗೂ ಆ ತೂಗುಮರದ ಹೆಸರೇ ಉಳಿದುಬಂದಿದೆ.

ದರ್ಪಣಪೀಠದಲ್ಲಿ ತೂಗುಮರದ ಕೆಲಸವನ್ನು ಪಟ್ಟಿಗಳೂ ತ್ರಿಕೋನಗಳೂ ಮಾಡುತ್ತವೆ. ಪಟ್ಟಿಯೊಂದು ತನ್ನ ನಡುಬಿಂದುವಿನ ಮೇಲೆ ತಕ್ಕಡಿಯ ದಂಡದಂತೆ ತೂಗುತ್ತಿದ್ದರೆ ಅದರ ಎರಡು ತುದಿಗಳಿಗೂ ಸಮಭಾರ. ತ್ರಿಕೋನವೊಂದು ತನ್ನ ಗುರುತ್ವಬಿಂದುವಿನ ಮೇಲೆ ಎಲ್ಲ ದಿಕ್ಕಿಗೂ ತೂಗುವಂತಿದ್ದರೆ ಅದರ ಮೂರು ಮೂಲೆಗಳಿಗೂ ಸಮಭಾರ. ಮೂರು ತ್ರಿಕೋನಗಳಿಂದ ಒಂಬತ್ತು ಬಿಂದುಗಳ ಪೀಠವಾಗುತ್ತದೆ. ಮೂರು ಪಟ್ಟಿಗಳ ತುದಿಗಳಲ್ಲಿ ಆರು ತ್ರಿಕೋನಗಳನ್ನು ಕೂಡ್ರಿಸಿದರೆ ಹದಿನೆಂಟು ಬಿಂದುಗಳ ಪೀಠವಾಗುತ್ತದೆ. ತಳದಲ್ಲಿ ಮಾತ್ರ ಯಾವಾಗಲೂ ಮೂರೇ ಬಿಂದುಗಳು. ಒಲೆಯ ಮೂರು ಗುಂಡುಗಳ ಸ್ಥಿರತೆ ಅಲ್ಲಿ ಉಳಿದುಕೊಳ್ಳುತ್ತದೆ.

ಈ ವಿಧಾನವನ್ನು ದೂರದರ್ಶಕಕ್ಕೆ ಅಳವಡಿಸಿದ ಕೀರ್ತಿ ಐರ್ಲೆಂಡಿನ ಯಂತ್ರಶಿಲ್ಪಿ ಥಾಮಸ್ ಗ್ರಬ್‌ರಿಗೆ ಸಲ್ಲುತ್ತದೆ. 1830ರ ದಶಕದಲ್ಲಿ ಅರ್ಮಾ ವೀಕ್ಷಣಾಲಯಕ್ಕೆ ಮಾಡಿಕೊಟ್ಟ 15 ಅಂಗುಲದ ದೂರದರ್ಶಕದಲ್ಲಿ ಅವರು ಇದನ್ನು ಬಳಸಿದರು. ಅದೇ ದೇಶದ ಲಾರ್ಡ್ ರಾಸ್‌ರು 1845ರಲ್ಲಿ ಸ್ಥಾಪಿಸಿದ 6 ಅಡಿ ವ್ಯಾಸದ ಲೋಹದರ್ಪಣವನ್ನು ಮೂರರ ಮೇಲೆ ಮೂರು, ಅದರ ಮೇಲೆ ಮೂರು ಎಂಬ ಕ್ರಮದಲ್ಲಿ 27 ಆಧಾರಗಳ ಮೇಲೆ ಕೂಡ್ರಿಸಿದ್ದರು. ಸುರುಳಿ ಆಕಾರದ ನೀಹಾರಿಕೆಯು ಮನುಷ್ಯನ ಕಣ್ಣಿಗೆ ಮೊದಲು ಗೋಚರಿಸಿದ್ದು ಆ ದರ್ಪಣದಲ್ಲಿಯೇ.

40 ಸೆಂ.ಮೀ. ದರ್ಪಣದ ಲೆಕ್ಕ

ಶಾಲೆಯೊಂದು 40 ಸೆಂ.ಮೀ. ವ್ಯಾಸದ, 4 ಸೆಂ.ಮೀ. ದಪ್ಪದ ದರ್ಪಣವನ್ನು ಪಡೆದಿದೆಯೆಂದು ಭಾವಿಸಬಹುದು. ಸಾಧಾರಣ ಗಾಜಿನದಾದರೆ ಅದರ ತೂಕ ಸುಮಾರು 12.6 ಕಿಲೋಗ್ರಾಂ. ಹದಿನೆಂಟು ಬಿಂದುಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ 700 ಗ್ರಾಂ.

ಬಿಂದುಗಳನ್ನು ಎಲ್ಲಿ ಇಡಬೇಕೆಂಬುದಕ್ಕೆ ಹಳೆಯ ಸುಲಭ ನಿಯಮವೆಂದರೆ ಸಮಕ್ಷೇತ್ರದ ನಿಯಮ. ಪ್ರತಿಯೊಂದು ಬಿಂದುವೂ ದರ್ಪಣದ ಸಮನಾದ ಕ್ಷೇತ್ರವನ್ನು ಹೊರಬೇಕು. ಒಳಗಿನ ವರ್ತುಲದಲ್ಲಿ ಆರು, ಹೊರಗಿನ ವರ್ತುಲದಲ್ಲಿ ಹನ್ನೆರಡು ಬಿಂದುಗಳೆಂದರೆ ಒಳಗಿನವು ಮೂರನೆಯ ಒಂದು ಭಾಗವನ್ನೂ ಹೊರಗಿನವು ಮೂರನೆಯ ಎರಡು ಭಾಗವನ್ನೂ ಹೊರುತ್ತವೆ. ಈ ಲೆಕ್ಕದಂತೆ ಒಳವರ್ತುಲವು ದರ್ಪಣದ ತ್ರಿಜ್ಯದ 0.408ರಷ್ಟು, ಹೊರವರ್ತುಲವು 0.816ರಷ್ಟು ದೂರದಲ್ಲಿ ಬೀಳುತ್ತವೆ. ತ್ರಿಜ್ಯವು 20 ಸೆಂ.ಮೀ. ಆದ್ದರಿಂದ ಅವು ಕೇಂದ್ರದಿಂದ 8.2 ಮತ್ತು 16.3 ಸೆಂ.ಮೀ. ದೂರದಲ್ಲಿರಬೇಕು.

ಆರು ತ್ರಿಕೋನಗಳಲ್ಲಿ ಒಂದೊಂದಕ್ಕೂ ಒಂದು ಮೂಲೆ ಒಳವರ್ತುಲದಲ್ಲಿ, ಎರಡು ಮೂಲೆಗಳು ಹೊರವರ್ತುಲದಲ್ಲಿ ಇರುತ್ತವೆ. ಹೊರಗಿನ ಎರಡು ಮೂಲೆಗಳ ನಡುವಣ ಅಂತರ ಸುಮಾರು 8.5 ಸೆಂ.ಮೀ., ತ್ರಿಕೋನದ ಎತ್ತರ 7.6 ಸೆಂ.ಮೀ. ಅದರ ತೂಗುಬಿಂದುವನ್ನು ಹೊರ ಅಂಚಿನಿಂದ 2.5 ಸೆಂ.ಮೀ. ಒಳಗೆ ಕೊರೆಯಬೇಕು, ಇದು ದರ್ಪಣದ ಕೇಂದ್ರದಿಂದ 13.2 ಸೆಂ.ಮೀ. ದೂರದಲ್ಲಿ ಬೀಳುತ್ತದೆ. ಪಕ್ಕಪಕ್ಕದ ಎರಡು ತ್ರಿಕೋನಗಳನ್ನು ಜೋಡಿಸುವ ಪಟ್ಟಿಯ ತೂಗುಬಿಂದುಗಳ ನಡುವಣ ಉದ್ದವೂ 13.2 ಸೆಂ.ಮೀ. ಆಗುತ್ತದೆ. ಆ ಪಟ್ಟಿಗಳ ನಡುಬಿಂದುಗಳು ಕೇಂದ್ರದಿಂದ 11.5 ಸೆಂ.ಮೀ. ದೂರದಲ್ಲಿ, ಪರಸ್ಪರ 120 ಅಂಶಗಳ ಕೋನದಲ್ಲಿ ನಿಲ್ಲುತ್ತವೆ. ದರ್ಪಣದ ದಿಕ್ಕನ್ನು ತಿದ್ದುವ ಮೂರು ಬೋಲ್ಟುಗಳನ್ನು ಅಲ್ಲಿಯೇ ಇಡಬಹುದು.

ಗಣಕಯಂತ್ರದ ನೆರವಿನಿಂದ ಇನ್ನೂ ಸೂಕ್ಷ್ಮವಾಗಿ ಲೆಕ್ಕ ಹಾಕಿ ಈ ದೂರಗಳನ್ನು ತುಸು ತಿದ್ದುವವರು ಇದ್ದಾರೆ. ಆದರೆ ಕೊರೆಯುವ ಕೈ ತಪ್ಪಿದರೆ ಆ ಸೂಕ್ಷ್ಮತೆಯು ನಿರರ್ಥಕ. ತ್ರಿಕೋನದ ತೂಗುಬಿಂದು ಅರ್ಧ ಸೆಂಟಿಮೀಟರಿನಷ್ಟು ಒಳಮೂಲೆಯ ಕಡೆಗೆ ಸರಿದರೆ ಸಾಕು, 700 ಗ್ರಾಂ ಹೊರಬೇಕಾದ ಆ ಮೂಲೆಯು 840 ಗ್ರಾಂ ಹೊರುತ್ತದೆ. ಹೊರಗಿನ ಎರಡು ಮೂಲೆಗಳು 630 ಗ್ರಾಂನಂತೆ ಹೊರುತ್ತವೆ. ಆದ್ದರಿಂದ ಕಾಗದದ ಮೇಲೆ ನಕ್ಷೆಯನ್ನು ಪೂರ್ಣಗಾತ್ರದಲ್ಲಿ ಬರೆದು, ಆರೂ ತ್ರಿಕೋನಗಳನ್ನು ಒಂದರ ಮೇಲೊಂದಿಟ್ಟು ಕೂಡಿಯೇ ಕೊರೆಯುವುದು ಕ್ಷೇಮ.

ತ್ರಿಕೋನಗಳಿಗೆ ಕಬ್ಬಿಣದ ಇಲ್ಲವೆ ಅಲ್ಯೂಮಿನಿಯಂನ ದಪ್ಪ ತಗಡು ಉತ್ತಮ. ತೂಗುಬಿಂದುವಿನಲ್ಲಿ ಬೋಲ್ಟಿನ ತಲೆಯನ್ನು ಅರ ಹಾಕಿ ಗುಂಡಗೆ ಮಾಡಿ, ತಗಡಿನ ತಳದಲ್ಲಿ ಕೊರೆದ ಚಿಕ್ಕ ಕುಳಿಯಲ್ಲಿ ಕೂಡ್ರಿಸಿದರೆ ಅದು ತಡೆಯಿಲ್ಲದೆ ತೂಗುತ್ತದೆ. ನಟ್ಟು ಬಿಗಿದು ತೂಗಾಟವನ್ನು ನಿಲ್ಲಿಸಿದರೆ ಹದಿನೆಂಟು ಬಿಂದುಗಳ ಪೀಠವು ಮರಳಿ ಗುಬ್ಬಿ ಬಡಿದ ಹಲಗೆಯೇ ಆಗುತ್ತದೆ. ಗಾಜು ತಾಗುವ ಮೂಲೆಗಳಿಗೆ ಒಂದೇ ದಪ್ಪದ ಫೆಲ್ಟಿನ ಬಿಲ್ಲೆಗಳನ್ನು ಅಂಟಿಸಬೇಕು.

ಅಂಚಿನ ಆಧಾರ

ದೂರದರ್ಶಕವು ನೆತ್ತಿಯ ಕಡೆಗೆ ನೋಡುವಾಗ ದರ್ಪಣದ ಪೂರ್ಣಭಾರವು ಬೆನ್ನಿನ ಮೇಲಿರುತ್ತದೆ. ದಿಗಂತದ ಕಡೆಗೆ ಬಾಗಿದಂತೆ ಆ ಭಾರವು ಅಂಚಿಗೆ ಜಾರುತ್ತದೆ. ದಿಗಂತದಿಂದ 30 ಅಂಶ ಎತ್ತರದಲ್ಲಿರುವ ನಕ್ಷತ್ರವನ್ನು ನೋಡುವಾಗ ಮೇಲೆ ಹೇಳಿದ ದರ್ಪಣದ ಬೆನ್ನಿನ ಆಧಾರಗಳ ಪಾಲಿಗೆ 6.3 ಕಿಲೋಗ್ರಾಂ, ಅಂಚಿನ ಪಾಲಿಗೆ ಸುಮಾರು 10.9 ಕಿಲೋಗ್ರಾಂನಷ್ಟು ಒತ್ತಡ ಬರುತ್ತದೆ. ಬೆನ್ನಿಗೆ ಹದಿನೆಂಟು ಬಿಂದುಗಳನ್ನು ಜೋಡಿಸಿ ಅಂಚನ್ನು ಒಂದೇ ಮೊಳೆಯ ಮೇಲೆ ನಿಲ್ಲಿಸಿದವರ ಶ್ರಮವು ಇಲ್ಲಿ ಹಾಳಾಗುತ್ತದೆ.

ಅಂಚಿಗೆ ಕೆಳಗಡೆ ಪರಸ್ಪರ 90 ಅಂಶಗಳ ಅಂತರದಲ್ಲಿ ಎರಡು ಗೂಟಗಳನ್ನು ಕೊಡುವುದು ಒಂದು ಕ್ರಮ. ಅಗಲವಾದ ಪಟ್ಟೆಯನ್ನೋ ತೆಳುವಾದ ಉಕ್ಕಿನ ತಂತಿಯನ್ನೋ ತೊಟ್ಟಿಲಿನಂತೆ ಸುತ್ತಿ ದರ್ಪಣವನ್ನು ತೂಗುಬಿಡುವುದು ಇನ್ನೊಂದು ಕ್ರಮ. ಯಾವುದೇ ಆದರೂ ಅದು ದರ್ಪಣದ ಗುರುತ್ವಕೇಂದ್ರದ ಮಟ್ಟದಲ್ಲಿಯೇ ತಾಗಬೇಕು. ಎದುರುಮುಖವು ತಗ್ಗಾಗಿರುವುದರಿಂದ ಆ ಮಟ್ಟವು ಅಂಚಿನ ನಡುಮಧ್ಯಕ್ಕಿಂತ ತುಸು ಹಿಂದಕ್ಕೆ ಇರುತ್ತದೆ. ಅದು ತಪ್ಪಿದರೆ ದರ್ಪಣವು ಮುಂದಕ್ಕೋ ಹಿಂದಕ್ಕೋ ತಿರುಚಿಕೊಳ್ಳಲೆಳಸಿ ಬೆನ್ನಿನ ಬಿಂದುಗಳ ಸಮಭಾರವನ್ನು ಕೆಡಿಸುತ್ತದೆ. ಮುಂದಕ್ಕೆ ಬೀಳದಂತೆ ಹಾಕುವ ಹಿಡಿಕೆಗಳು ಗಾಜನ್ನು ಒತ್ತಬಾರದು. ನಡುವೆ ಒಂದು ಹಾಳೆ ಕಾಗದ ಸರಾಗವಾಗಿ ಆಡುವಷ್ಟು ಸಂದು ಇರಬೇಕು.

ಅಂಚಿನ ಈ ಪ್ರಶ್ನೆಯನ್ನು ಹವ್ಯಾಸಿಗಳಿಗೆ ಸುಲಭಗೊಳಿಸಿದವರು ಸನ್ಯಾಸಿಯೊಬ್ಬರು ಎಂಬುದು ಮಠದ ಶಾಲೆಯ ವಾಚಕರಿಗೆ ಪ್ರಿಯವಾಗಬಹುದು. ಜಾನ್ ಡಾಬ್ಸನ್ 1915ರಲ್ಲಿ ಚೀನಾದ ಪೀಕಿಂಗಿನಲ್ಲಿ ಜನಿಸಿ, 1944ರಲ್ಲಿ ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ರಾಮಕೃಷ್ಣ ಪರಂಪರೆಯ ವೇದಾಂತ ಆಶ್ರಮವನ್ನು ಸೇರಿದರು. ಹಡಗಿನ ಕಿಟಕಿಯ ಗಾಜನ್ನು ಉಜ್ಜಿ ದರ್ಪಣ ಮಾಡಿ, ರಟ್ಟಿನ ಕೊಳವೆ ಮತ್ತು ಪ್ಲೈವುಡ್ಡಿನ ಪೆಟ್ಟಿಗೆಯಲ್ಲಿ ಕೂಡ್ರಿಸಿ ಅವರು ದೂರದರ್ಶಕಗಳನ್ನು ರಚಿಸಿದರು. ಆಶ್ರಮದ ಶಿಸ್ತಿಗೂ ಈ ಹವ್ಯಾಸಕ್ಕೂ ಹೊಂದಿಕೆಯಾಗದೆ 1967ರಲ್ಲಿ ಅವರು ಆಶ್ರಮವನ್ನು ಬಿಡಬೇಕಾಯಿತು. ಆಮೇಲೆ 2014ರಲ್ಲಿ ತೀರಿಕೊಳ್ಳುವವರೆಗೂ ಬೀದಿಯ ಬದಿಯಲ್ಲಿ ನಿಂತು ದಾರಿಹೋಕರಿಗೆ ಆಕಾಶವನ್ನು ತೋರಿಸುವುದೇ ಅವರ ಕಾಯಕವಾಯಿತು. ಅವರ ಹೆಸರನ್ನೇ ಹೊತ್ತ ಈ ಮಾದರಿಯ ಯಂತ್ರವು ಮೇಲಕ್ಕೂ ಕೆಳಕ್ಕೂ, ಎಡಕ್ಕೂ ಬಲಕ್ಕೂ ಮಾತ್ರ ತಿರುಗುವುದರಿಂದ ದರ್ಪಣದ ಕೆಳಭಾಗವು ಯಾವಾಗಲೂ ಒಂದೇ ಆಗಿರುತ್ತದೆ; ಅಂಚಿಗೆ ಆ ಒಂದು ಕಡೆಯಲ್ಲಿ ಆಧಾರ ಕೊಟ್ಟರೆ ಸಾಕಾಗುತ್ತದೆ.

ಪರೀಕ್ಷೆಯ ಬಗೆ

ಪೀಠವು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ನಕ್ಷತ್ರವೇ ಹೇಳುತ್ತದೆ. ಹೆಚ್ಚು ವರ್ಧನದ ನೇತ್ರಮಸೂರವನ್ನು ಹಾಕಿ, ನಡುತರದ ಹೊಳಪಿನ ನಕ್ಷತ್ರವೊಂದನ್ನು ನಾಭಿಯಿಂದ ತುಸು ಒಳಗೂ ತುಸು ಹೊರಗೂ ಸರಿಸಿ ನೋಡಬೇಕು. ಎರಡೂ ಕಡೆ ದುಂಡಗಿನ ಬಿಲ್ಲೆ ಕಂಡರೆ ಒಳ್ಳೆಯದು. ಒಂದು ಕಡೆ ಉದ್ದವಾದ ಅಂಡಾಕಾರವೂ, ಇನ್ನೊಂದು ಕಡೆ ಅದಕ್ಕೆ ಅಡ್ಡವಾದ ಅಂಡಾಕಾರವೂ ಕಂಡರೆ ಅಸ್ಟಿಗ್ಮ್ಯಾಟಿಸಂ ಎಂಬ ದೋಷವಿದೆಯೆಂದು ತಿಳಿಯಬೇಕು. ಕನ್ನಡಕದ ಅಂಗಡಿಯಲ್ಲಿ ಕೇಳಿಬರುವ ದೋಷವೂ ಇದೇ.

ದೋಷದ ಮೂಲವನ್ನು ಹುಡುಕಲು ಕ್ರಮವೊಂದಿದೆ. ನೋಡುವವನು ತಲೆಯನ್ನು ಓರೆಮಾಡಿದಾಗ ಅಂಡಾಕಾರವೂ ತಿರುಗಿದರೆ ದೋಷವು ಕಣ್ಣಿನದು. ತಿರುಗದಿದ್ದರೆ ದರ್ಪಣವನ್ನು ಪೀಠದ ಮೇಲೆ 90 ಅಂಶ ತಿರುಗಿಸಿ ಕೂಡ್ರಿಸಬೇಕು. ಅಂಡಾಕಾರವೂ ಅಷ್ಟೇ ತಿರುಗಿದರೆ ದೋಷವು ದರ್ಪಣದ ಗಾಜಿನದು. ದರ್ಪಣ ತಿರುಗಿದರೂ ಅಂಡಾಕಾರವು ಮೊದಲಿನ ದಿಕ್ಕಿನಲ್ಲಿಯೇ ನಿಂತರೆ ಬಹುತೇಕ ಪೀಠದ್ದು, ಇಲ್ಲವೆ ಓರೆ ಕನ್ನಡಿಯದು. ಈ ಪರೀಕ್ಷೆಯನ್ನು ಮಾಡದೆ ಗಾಜನ್ನು ನಿಂದಿಸುವುದು ಅನ್ಯಾಯ.

ತೀರ್ಪು ಕೊಡುವ ಮುನ್ನ ಗಾಜು ತಣಿಯಲು ಬಿಡಬೇಕು. ಚಳಿಗಾಲದ ಸಂಜೆ ಮಲಪ್ರಭೆಯ ದಂಡೆಯಲ್ಲಿ ಗಾಳಿಯು ಬೇಗನೆ ತಂಪಾಗುತ್ತದೆ, ದಪ್ಪ ಗಾಜು ತಡವಾಗಿ ತಣಿಯುತ್ತದೆ. ಆ ಹೊತ್ತಿನಲ್ಲಿ ದರ್ಪಣದಿಂದೇಳುವ ಬಿಸಿಗಾಳಿಯು ಬಿಂಬವನ್ನು ಕಲಕುತ್ತದೆ. ಪೀಠದ ತಳವನ್ನು ಹಲಗೆಯಿಂದ ಮುಚ್ಚದೆ ತೆರೆದಿಡುವುದೂ, ಸಣ್ಣದೊಂದು ವಿದ್ಯುತ್ ಪಂಖವನ್ನು ಹಿಂಬದಿಗೆ ಹಚ್ಚುವುದೂ ಇದಕ್ಕೆ ಪರಿಹಾರ. ಹಗಲಿನಲ್ಲಿ ಇಂಥ ಯಂತ್ರವನ್ನು ಸೂರ್ಯನ ಕಡೆಗೆ ಎಂದೂ ತಿರುಗಿಸಬಾರದು. ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ ಎಂಬ ಎಚ್ಚರಿಕೆಯನ್ನು ಶಿಕ್ಷಕರು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು.

ದೊಡ್ಡವರ ದಾರಿಯೂ ಇದೇ

ಹಳ್ಳಿಯ ಬಡಿಗ ಕೊರೆಯುವ ತ್ರಿಕೋನಕ್ಕೂ ಜಗತ್ತಿನ ಮಹಾ ದೂರದರ್ಶಕಗಳಿಗೂ ತತ್ತ್ವದಲ್ಲಿ ಭೇದವಿಲ್ಲ. ಬೆಂಗಳೂರಿನಲ್ಲಿ ಕೇಂದ್ರಕಚೇರಿಯುಳ್ಳ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯು ತಮಿಳುನಾಡಿನ ಕಾವಲೂರಿನಲ್ಲಿ ಸ್ಥಾಪಿಸಿದ 2.34 ಮೀಟರ್ ದೂರದರ್ಶಕದ ದರ್ಪಣವನ್ನು ಪರದೇಶಕ್ಕೆ ಕಳುಹಿಸದೆ ಸಂಸ್ಥೆಯವರೇ ಉಜ್ಜಿ ಹೊಳಪುಗೊಳಿಸಿದರು. ಅದರ ಕನಸು ಕಂಡ ವೈನು ಬಾಪು 1982ರಲ್ಲಿ ತೀರಿಕೊಂಡರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಆ ವೀಕ್ಷಣಾಲಯಕ್ಕೆ ಅವರ ಹೆಸರನ್ನಿಟ್ಟರು. ಹವಾಯಿ ದ್ವೀಪದ ಕೆಕ್ ದೂರದರ್ಶಕದ 10 ಮೀಟರ್ ದರ್ಪಣವು 36 ತುಣುಕುಗಳಿಂದಾದುದು, 7.5 ಸೆಂ.ಮೀ. ದಪ್ಪದ ಪ್ರತಿಯೊಂದು ತುಣುಕನ್ನೂ ತೂಗುಮರಗಳು 36 ಬಿಂದುಗಳಲ್ಲಿ ಹೊತ್ತಿವೆ. ಭಾರತವೂ ಪಾಲುಗೊಂಡಿರುವ 30 ಮೀಟರ್ ದೂರದರ್ಶಕದ ಯೋಜನೆಯಲ್ಲಿ 492 ತುಣುಕುಗಳಿದ್ದು, ಒಂದೊಂದಕ್ಕೂ 27 ಬಿಂದುಗಳ ಆಧಾರವನ್ನು ಗೊತ್ತುಮಾಡಲಾಗಿದೆ. ಲಾರ್ಡ್ ರಾಸ್‌ರು 1845ರಲ್ಲಿ ಎಣಿಸಿದ ಸಂಖ್ಯೆಯೂ ಅದೇ. ಈ ಆಧಾರಪೀಠಗಳ ನಿರ್ಮಾಣವು ಭಾರತದ ಪಾಲಿಗೆ ಬಂದ ಕೆಲಸಗಳಲ್ಲಿ ಒಂದು. ತುಣುಕುಗಳಿಗೆ ಹೊಳಪು ಕೊಡುವ ಕಾರ್ಯಾಗಾರವು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಸಿದ್ಧವಾಗಿದೆ.

ಶಿಕ್ಷಕರಿಗೂ ದಾನಿಗಳಿಗೂ ಇದರಿಂದ ಗ್ರಹಿಸಬೇಕಾದ ಅಂಶ ಸ್ಪಷ್ಟವಾಗಿದೆ. ದರ್ಪಣಕ್ಕೆ ಹಣ ಬೇಕು, ಪೀಠಕ್ಕೆ ಎಚ್ಚರ ಬೇಕು. ಸವದತ್ತಿ ತಾಲೂಕಿನ ಶಿರಸಂಗಿಯು ಈ ಎರಡನ್ನೂ ನೆನಪಿಗೆ ತರುವ ಊರು. 1906ರಲ್ಲಿ ಕಾಲವಾದ ತ್ಯಾಗವೀರ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬಿಟ್ಟುಹೋದದ್ದು ಅಲ್ಲಿಂದ. ಬಡಿಗ, ಕಂಬಾರ, ಅಕ್ಕಸಾಲಿಗರು ಕುಲದೇವತೆಯೆಂದು ನಡೆದುಕೊಳ್ಳುವ ಕಾಳಿಕಾದೇವಿಯ ಗುಡಿ ಇರುವುದೂ ಅಲ್ಲಿಯೇ. ದಾಸೋಹದ ಗಾಜು ಕಾಯಕದ ಪೀಠದ ಮೇಲೆ ಕುಳಿತಾಗಲೇ ದೂರದರ್ಶಕವು ಪೂರ್ಣವಾಗುತ್ತದೆ. ಹದಿನೆಂಟು ಬಿಂದುಗಳಲ್ಲಿ ಯಾವುದೊಂದೂ ತನ್ನ ಪಾಲಿಗಿಂತ ಹೆಚ್ಚು ಹೊರದೆ, ಕಡಿಮೆಯೂ ಹೊರದೆ ನಿಂತರೆ, ಹೊಲದ ಬದುವಿನಿಂದ ಬಂದ ಮಗುವಿಗೆ ಶನಿಯ ಬಳೆಯು ಚಿತ್ರದಲ್ಲಿದ್ದಂತೆಯೇ ದುಂಡಾಗಿ, ಸ್ಫುಟವಾಗಿ ಕಾಣಿಸುತ್ತದೆ.